ಸೂಪರ್‌ವೈಸರ್‌ನ ಸೂಪರ್‌ವೈಸರ್‌ಗೆ ಸೂಪರ್‌ವೈಸರ್ ಯಾರು?

ಸೈಕೋಥೆರಪಿ ಸೂಪರ್‌ವೈಸರ್‌ಗಳ ಮಾನ್ಯತೆ ರಿನ್ಯೂವಲ್ ಸೀಸನ್ ಬಂತು ಅಂದ್ರೆ ಸಾಕು, ವರ್ಷಗಟ್ಟಲೆ ಊರವರ ಆತಂಕ ಇಳಿಸ್ಕೊಂಡು ಬಂದಿರೋ ಹಿರಿಯರೆಲ್ಲ ರಾತ್ರಿ ಹನ್ನೊಂದಕ್ಕೆ ಒಬ್ಬರಿಗೊಬ್ಬರು ಮೆಸೇಜ್ ಹಾಕ್ತಾ ಕೂತಿರ್ತಾರೆ. ಮನಸ್ಸಿನ ಆಳ ಅಗಲದ ಬಗ್ಗೆ ಅಂದ್ಕೊಂಡ್ರಾ? ಅಲ್ಲ. "ಗ್ರೂಪ್ ಸೂಪರ್‌ವಿಷನ್ ಎರಡು ಗಂಟೆ ಆಯ್ತು, ನಾಲ್ಕು ಜನ ಇದ್ರು, ಗಂಟೆ ಲೆಕ್ಕದ ಲಾಗ್‌ನಲ್ಲಿ ಎರಡು ಗಂಟೆ ಅಂತ ಹಾಕ್ಲಾ, ತಲೆಗೆ ಭಾಗಿಸಿ ಅರ್ಧ ಗಂಟೆ ಅಂತ ಹಾಕ್ಲಾ?" ಇದಕ್ಕೆ ಮೂರು ಜನ ಮೂರು ಉತ್ತರ ಕೊಡ್ತಾರೆ, ಮೂರಕ್ಕೂ ಒಂದೊಂದು ಹಳೇ ಸುತ್ತೋಲೆ ಸಾಕ್ಷಿ.

ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಜನ ಕಷ್ಟ ಹೇಳ್ಕೊಳ್ಳೋಕೆ ಥೆರಪಿಸ್ಟ್ ಹತ್ರ ಹೋಗ್ತಾರೆ. ಥೆರಪಿಸ್ಟ್ ತಾನು ಮಾಡ್ತಿರೋದು ಸರಿ ಇದ್ಯಾ ಅಂತ ನೋಡ್ಕೊಳ್ಳೋಕೆ ಸೂಪರ್‌ವೈಸರ್ ಹತ್ರ ಹೋಗ್ತಾರೆ. ಒಳ್ಳೇ ವ್ಯವಸ್ಥೆನೇ, ನಂದೇನೂ ತಕರಾರಿಲ್ಲ. ಆದ್ರೆ ಸೂಪರ್‌ವೈಸರ್ ಮಾಡ್ತಿರೋದು ಸರಿ ಇದ್ಯಾ ಅಂತ ನೋಡೋಕೆ ಅವರ ಮೇಲೊಬ್ರು ಬೇಕು, ರಿನ್ಯೂವಲ್ ಫಾರ್ಮ್‌ಗೆ ಅವರ ಸಹಿ ಬೇಕು, ಆ ಸಹಿ ಹಾಕೋರ ಮಾನ್ಯತೆನೂ ಚಾಲ್ತಿಲಿ ಇರ್ಬೇಕು, ಅದು ಚಾಲ್ತಿಲಿ ಇರೋಕೆ ಅವರ ಫಾರ್ಮ್‌ಗೆ ಇನ್ನೊಬ್ಬರು ಸಹಿ ಹಾಕಿರ್ಬೇಕು. ಹೀಗೇ ಮೇಲೆ ಹತ್ತುತ್ತಾ ಹೋದ್ರೆ ತುದಿಲಿ ಯಾರೋ ಒಬ್ರು ಯಾರ ಸಹಿನೂ ಇಲ್ದೇ ಕೂತಿರ್ಬೇಕು ತಾನೇ? ಇಲ್ಲ. ಹಿರಿಯರ ಸಂಖ್ಯೆ ಕಡಿಮೆ ಇರೋದ್ರಿಂದ ಸರಪಳಿ ಮೇಲೆ ಹೋಗೋ ಬದ್ಲು ಸುತ್ತು ಹಾಕುತ್ತೆ, ಇವರು ಅವರಿಗೆ, ಅವರು ಇನ್ನೊಬ್ಬರಿಗೆ, ಆ ಇನ್ನೊಬ್ಬರು ಮತ್ತೆ ಇವರಿಗೆ.

ಇದಕ್ಕಿಂತ ಚಂದ ಫೀಡ್‌ಬ್ಯಾಕ್ ಫಾರ್ಮ್. ನಿಮ್ಮ ಕೈಕೆಳಗೆ ಕಲೀತಿರೋರ ಹತ್ರ ನಿಮ್ಮ ಬಗ್ಗೆ ಅಭಿಪ್ರಾಯ ಬರೆಸಿ ಲಗತ್ತಿಸ್ಬೇಕು. ಪ್ರಾಮಾಣಿಕವಾಗಿ, ಯಾವುದೇ ಒತ್ತಡ ಇಲ್ದೇ ಅಂತ ದಪ್ಪ ಅಕ್ಷರದಲ್ಲಿ ಪ್ರಿಂಟ್ ಆಗಿರುತ್ತೆ. ಹಾಗೆ ಬರೆದುಕೊಡೋ ಹುಡುಗಿಯ ಮಾನ್ಯತೆ ಅರ್ಜಿಗೆ ಮುಂದಿನ ತಿಂಗಳು ಸಹಿ ಹಾಕ್ಬೇಕಾದೋರು ನೀವೇ. ಅವಳು "ಮೇಡಂ ನನ್ನ ವೃತ್ತಿ ಜೀವನದ ದಾರಿದೀಪ" ಅಂತ ಬರೀತಾಳೆ, ನೀವು "ಈಕೆ ಅಸಾಧಾರಣ ಸ್ವ-ಅರಿವುಳ್ಳ ಚಿಕಿತ್ಸಕಿ" ಅಂತ ಬರೀತೀರ. ನೀ ನನಗಾದ್ರೆ ನಾ ನಿನಗೆ. ಮಾನ್ಯತೆ ಕೊಡೋ ಸಮಿತಿಯವರು ಎರಡನ್ನೂ ಬೇರೆ ಬೇರೆ ಫೈಲಲ್ಲಿ ಇಟ್ಕೊಂಡು "ಸ್ವತಂತ್ರ ಪುರಾವೆ" ಅಂತ ಟಿಕ್ ಹಾಕ್ತಾರೆ.

ಸೂಪರ್‌ವಿಷನ್‌ನಲ್ಲಿ ಎಲ್ಲಾ ಬಿಚ್ಚಿ ಮಾತಾಡ್ತಾರೆ ಅನ್ನೋದರ ಮೇಲೇ ಈ ಇಡೀ ಕಟ್ಟಡ ನಿಂತಿರೋದು. 1996ರಲ್ಲಿ ಲಡಾನಿ ಮತ್ತು ಸಂಗಡಿಗರು ಕಲಿಕೆಯಲ್ಲಿದ್ದ ಥೆರಪಿಸ್ಟ್‌ಗಳನ್ನೇ ಕೇಳಿ ನೋಡಿದ್ರು, ಸೂಪರ್‌ವೈಸರ್ ಹತ್ರ ಏನಾದ್ರೂ ಮುಚ್ಚಿಟ್ಟಿದ್ದೀರಾ ಅಂತ. ಹೌದು ಅಂದವರು ಶೇಕಡ 97. ಅದರಲ್ಲಿ ತುಂಬಾ ಸಲ ಮುಚ್ಚಿಟ್ಟಿದ್ದೇ ಸೂಪರ್‌ವೈಸರ್ ಮೇಲಿನ ಅಸಮಾಧಾನ. ಉಳಿದ 3 ಶೇಕಡ ಜನ ಆ ಸಮೀಕ್ಷೆಲೂ ಏನೋ ಮುಚ್ಚಿಟ್ಟಿದ್ರು ಅಂತ ನನಗೊಂದು ಗುಮಾನಿ.

ಇರ್ಲಿ, ಫಾರ್ಮ್‌ನ ಹೃದಯಕ್ಕೆ ಬರೋಣ, ಅಂದ್ರೆ ರಿಫ್ಲೆಕ್ಷನ್ ಬಾಕ್ಸ್. "ಈ ಅವಧಿಯಲ್ಲಿ ನೀವು ಎದುರಿಸಿದ ಒಂದು ಸವಾಲು ಮತ್ತು ಅದರಿಂದ ಕಲಿತದ್ದನ್ನು 300 ಪದಗಳಲ್ಲಿ ವಿವರಿಸಿ." ಇಲ್ಲಿ ಯಾವ ಸವಾಲು ಬರೀಬೇಕು ಅನ್ನೋದೇ ದೊಡ್ಡ ಸವಾಲು. ನಿಜವಾದ ತಪ್ಪು ಬರೆದ್ರೆ ನೈತಿಕ ಸಮಿತಿಗೆ ಹೋಗುತ್ತೆ. ತಪ್ಪೇ ಆಗಿಲ್ಲ ಅಂದ್ರೆ ಸ್ವ-ಅರಿವಿನ ಕೊರತೆ ಅಂತ ವಾಪಸ್ ಬರುತ್ತೆ. ಹಾಗಾಗಿ ಎಲ್ಲರೂ ಒಂದು ಸೈಜಿನ ತಪ್ಪು ಇಟ್ಕೊಂಡಿರ್ತಾರೆ, ಕಚ್ಚಲ್ಲ, ಬೊಗಳುತ್ತೆ ಅಷ್ಟೆ. "ನಾನು ಕೆಲವೊಮ್ಮೆ ಅತಿಯಾಗಿ ಕಾಳಜಿ ವಹಿಸುತ್ತೇನೆ ಎಂಬುದು ನನ್ನ ಅರಿವಿಗೆ ಬಂತು" ಅನ್ನೋದು ಎವರ್‌ಗ್ರೀನ್, ಯಾವ ವರ್ಷ ಹಾಕಿದ್ರೂ ಓಡುತ್ತೆ. ಕೇಸಿನ ವಿವರ ಬೇರೆ ಕೊಡ್ಬೇಕು, ಕ್ಲೈಂಟ್ ಗುರುತು ಒಂಚೂರೂ ಸಿಗಬಾರ್ದು ಆದ್ರೆ ಕೇಸ್ ಪೂರ್ತಿ ಅರ್ಥ ಆಗ್ಬೇಕು, ಸರಿ ಅಂತ ವಯಸ್ಸು ತೆಗೀತೀರ, ಕೆಲಸ ಬದಲಾಯಿಸ್ತೀರ, ಗಂಡಸನ್ನ ಹೆಂಗಸು ಮಾಡ್ತೀರ, ಕೊನೆಗೆ ಓದಿ ನೋಡಿದ್ರೆ ಆ ಕಷ್ಟ ಯಾರದ್ದೂ ಅಲ್ಲ, ಬಹುಶಃ ನಿಮ್ಮದೇ. 301ನೇ ಪದ ಟೈಪ್ ಮಾಡಿದ್ರೆ ಬಾಕ್ಸ್ ತಗೊಳ್ಳಲ್ಲ, ಒಳನೋಟ ಎಷ್ಟೇ ಆಳ ಇದ್ರೂ ಅಲ್ಲಿಗೇ ಕಟ್.

ಆಮೇಲೆ ಸ್ವಯಂ ಮೌಲ್ಯಮಾಪನ, ಒಂದರಿಂದ ಐದು. ಇದೊಂದು ಕಾಲಂ ಬಗ್ಗೆ ಮಾತ್ರ ನನಗೆ ವಿಶೇಷ ಪ್ರೀತಿ. ವಾಲ್ಫಿಶ್ ಮತ್ತು ಸಂಗಡಿಗರು 2012ರಲ್ಲಿ 129 ಮಾನಸಿಕ ಆರೋಗ್ಯ ವೃತ್ತಿಪರರನ್ನ ನಿಮ್ಮ ಸಾಮರ್ಥ್ಯ ಬೇರೆಯವರಿಗೆ ಹೋಲಿಸಿದ್ರೆ ಎಷ್ಟಿದೆ ಅಂತ ಕೇಳಿದ್ರು. ಕಾಲು ಭಾಗ ಜನ ತಾವು ಮೇಲಿನ ಹತ್ತು ಶೇಕಡದೊಳಗೆ ಅಂದ್ರು. ಸರಾಸರಿಗಿಂತ ಕೆಳಗೆ ಅಂದವರು ಸೊನ್ನೆ. ಒಬ್ಬರೂ ಇಲ್ಲ. ಸರಾಸರಿ ಅನ್ನೋದನ್ನ ಇವರೆಲ್ಲ ಸೇರಿ ಯಾರ ತಲೆ ಮೇಲೆ ಹೊರಿಸಿದ್ರೋ! ಆದ್ರೂ ಫಾರ್ಮ್‌ನಲ್ಲಿ ಎಲ್ಲಾ ಐದು ಹಾಕ್ಬಾರ್ದು, ಜಂಬ ಅನ್ಸುತ್ತೆ. ನಾಲ್ಕು, ನಾಲ್ಕು, ಐದು, ನಾಲ್ಕು, ಆಮೇಲೆ "ಡಿಜಿಟಲ್ ಸಾಕ್ಷರತೆ" ಮುಂದೆ ಮೂರು. ವಿನಯ ಅಂದ್ರೆ ಅದು.

ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಈಗ ಇದ್ದಿದ್ರೆ ಈ ಸಮಿತಿಯವರ ಕೈಲಿ ಸಿಕ್ಕಿ ಏನಾಗ್ತಿದ್ದ ಅಂತ ಯೋಚಿಸ್ತೀನಿ. 1909ರಲ್ಲಿ ಆತ ಪ್ರಕಟಿಸಿದ ಪುಟ್ಟ ಹ್ಯಾನ್ಸ್ ಕೇಸ್ ಇದೆಯಲ್ಲ, ಕುದುರೆಗೆ ಹೆದರೋ ಹುಡುಗ, ಅದರಲ್ಲಿ ಚಿಕಿತ್ಸೆ ಮಾಡಿದ್ದು ಹುಡುಗನ ಅಪ್ಪ, ಫ್ರಾಯ್ಡ್ ಹೆಚ್ಚುಕಮ್ಮಿ ಕಾಗದ ಬರೆದೇ ದಾರಿ ತೋರಿಸಿದ್ದು. ಸೂಪರ್‌ವಿಷನ್‌ನ ಮೊದಲ ಉದಾಹರಣೆ ಅಂತ ಇದನ್ನೇ ತೋರಿಸೋರಿದ್ದಾರೆ. ಇವತ್ತಿನ ಸಮಿತಿ ಏನು ಹೇಳ್ತಿತ್ತು? ಅಪ್ಪನೇ ಥೆರಪಿಸ್ಟ್, ದ್ವಂದ್ವ ಸಂಬಂಧ. ಕಾಗದದ ಸಂಪರ್ಕಕ್ಕೆ ಗಂಟೆ ಲೆಕ್ಕ ಇಲ್ಲ. ವಿಮೆ ಪ್ರತಿ ಲಗತ್ತಿಸಿಲ್ಲ. ಅರ್ಜಿ ತಿರಸ್ಕೃತ, ಮರು ಅರ್ಜಿಗೆ ಶುಲ್ಕ ಮತ್ತೆ ಕಟ್ಟಿ.

ಇಷ್ಟೆಲ್ಲಾ ಕೇಳೋ ಫಾರ್ಮ್ ಕೇಳದೇ ಇರೋದು ಒಂದೇ: ಕೊನೆಯಲ್ಲಿ ಕಷ್ಟ ಹೇಳ್ಕೊಂಡು ಬಂದವರಿಗೆ ಏನಾದ್ರೂ ವಾಸಿ ಆಯ್ತಾ? ಯಾಕೆ ಕೇಳಲ್ಲ ಅಂದ್ರೆ ಉತ್ತರ ಸ್ವಲ್ಪ ಮುಜುಗರದ್ದು. 2016ರಲ್ಲಿ ರೂಸ್‌ಮನಿಯರ್ ಮತ್ತು ಸಂಗಡಿಗರು ಕೆಲವು ಸಾವಿರ ಕ್ಲೈಂಟ್‌ಗಳ ಲೆಕ್ಕ ತೆಗೆದು ನೋಡಿದ್ರೆ, ಒಬ್ಬರಿಗೆ ಹೆಚ್ಚು ಗುಣ ಇನ್ನೊಬ್ಬರಿಗೆ ಕಡಿಮೆ ಅನ್ನೋ ವ್ಯತ್ಯಾಸದಲ್ಲಿ ಸೂಪರ್‌ವೈಸರ್ ಯಾರು ಅನ್ನೋದರ ಪಾಲು ಶೇಕಡ 1ಕ್ಕಿಂತ ಕಡಿಮೆ. ಒಂದು ಅಧ್ಯಯನ ಅಷ್ಟೆ, ಅದರಿಂದ ಸೂಪರ್‌ವಿಷನ್ನೇ ವೇಸ್ಟ್ ಅಂತ ನಾನು ಹೇಳಲ್ಲ. ಆದ್ರೆ ಇದನ್ನ ಓದಿದ ಮೇಲೆ ಬುದ್ಧಿ ಇದ್ದೋರು ಗುಣ ಆಯ್ತಾ ಅಂತ ಅಳೆಯೋಕೆ ಶುರು ಮಾಡ್ತಾರೆ, ನಮ್ಮವರು ಲಾಗ್‌ಗೆ ಇನ್ನೊಂದು ಕಾಲಂ ಸೇರಿಸ್ತಾರೆ.

ಇನ್ನೊಂದು ತಮಾಷೆ ಗೊತ್ತಾ, ಬ್ರಿಟನ್‌ನಂಥ ದೇಶದಲ್ಲಿ ಸೈಕೋಥೆರಪಿಸ್ಟ್ ಅನ್ನೋ ಬಿರುದಿಗೆ ಕಾನೂನಿನ ರಕ್ಷಣೆನೇ ಇಲ್ಲ, ಯಾರು ಬೇಕಾದ್ರೂ ಬೋರ್ಡ್ ಹಾಕ್ಕೊಳ್ಳಬಹುದು. ಅಂದ್ರೆ ನಿಯತ್ತಾಗಿ ಮಾನ್ಯತೆ ಪಡೆದೋರು ಸರ್ಟಿಫಿಕೇಟ್ ಸ್ಕ್ಯಾನ್ ಮಾಡ್ತಾ ಕೂತಿರ್ತಾರೆ, ಏನೂ ಇಲ್ದೋರು ಆರಾಮಾಗಿ ಕ್ಲೈಂಟ್ ನೋಡ್ತಿರ್ತಾರೆ.

ಕೊನೇ ಸೆಕ್ಷನ್ ಸೆಲ್ಫ್ ಕೇರ್. ನಿಮ್ಮ ಆರೋಗ್ಯ ಹೇಗೆ ನೋಡ್ಕೊಳ್ತೀರ ಅಂತ. "ವಾರಾಂತ್ಯದಲ್ಲಿ ಕಡ್ಡಾಯವಾಗಿ ಕೆಲಸದಿಂದ ದೂರ ಇರುತ್ತೇನೆ" ಅಂತ ಬರೆದು ನಾನು ಸಬ್ಮಿಟ್ ಮಾಡಿದ್ದು ಭಾನುವಾರ ಮಧ್ಯರಾತ್ರಿ. ಎರಡು ವಾರ ಬಿಟ್ಟು ಮೇಲ್ ಬಂತು, ಉಳಿದೆಲ್ಲಾ ಸರಿ ಇದೆ, ವಿಶ್ರಾಂತಿಗೆ ಪುರಾವೆ ಲಗತ್ತಿಸಿಲ್ಲ. ಪುರಾವೆ ಅಂದ್ರೆ ಏನು ಸಾರ್, ನಾನು ಮಲಗಿದ್ದನ್ನ ನೋಡಿದೋರು ಮನೆಯವರು ಮಾತ್ರ, ಅವರ ಸಹಿ ಹಾಕಿಸಿದ್ರೆ ಆಗುತ್ತಾ ಅಂತ ಕೇಳಿದೆ.

ಆಗಲ್ವಂತೆ. ಹಿತಾಸಕ್ತಿ ಸಂಘರ್ಷ.