ಭೀಮಶಿಲೆ ಕಂಡಿತು, ಸಮಾಧಿ ಕಾಣಲಿಲ್ಲವೇ?

2013ರ ಕೇದಾರನಾಥ ಪ್ರವಾಹದಲ್ಲಿ ಗುಡಿಯ ಹಿಂದೆ ಉರುಳಿ ಬಂದು ನಿಂತ ದೊಡ್ಡ ಬಂಡೆಯೇ ಭೀಮಶಿಲೆ. ಅದರ ಬಗ್ಗೆ ಬರೆದ ಲೇಖನದಲ್ಲಿ 'ದೇವರೇ ಬಂಡೆ ತಂದು ನಿಲ್ಲಿಸಿ ಗುಡಿ ಉಳಿಸಿಕೊಂಡ' ಎನ್ನುವ ಲೇಖಕರ ಮಾತು ಒಪ್ಪುವಂಥದ್ದಲ್ಲ. ಜೂನ್ 17ರ ಬೆಳಿಗ್ಗೆ ಗುಡಿಯ ಮೇಲ್ಭಾಗದ ಚೋರಾಬಾರಿ ಕೆರೆಯ ಕಟ್ಟೆ ಒಡೆಯಿತು. ಕಟ್ಟೆ ಎಂದರೆ ಹಿಮನದಿ ತಳ್ಳಿ ಬಿಟ್ಟುಹೋದ ಸಡಿಲ ಕಲ್ಲುಮಣ್ಣಿನ ದಿಬ್ಬ, ಅಷ್ಟೇ. ಮಳೆ ಮತ್ತು ಕರಗಿದ ಹಿಮದ ನೀರು ಸೇರಿದರೆ ಅದು ತಡೆಯುವುದಿಲ್ಲ. ಹಾಗೆ ಒಡೆದಾಗ ಬರುವುದು ಬರೀ ನೀರಲ್ಲ, ಗಾರೆಯಂಥ ದಟ್ಟ ಕೆಸರು. ಅದರಲ್ಲಿ ಮನೆಗಾತ್ರದ ಬಂಡೆಯೂ ಉರುಳಿ ಬರುತ್ತದೆ. ಇಳಿಜಾರು ಕಡಿಮೆಯಾಗಿ ಹರಿವು ಅಗಲವಾದ ಕೂಡಲೇ ಮೊದಲು ನಿಲ್ಲುವುದು ಅತಿ ಭಾರದ ಕಲ್ಲುಗಳೇ. ಗುಡಿಯ ಹಿಂದಿನ ಬಯಲು ಅಂಥ ಜಾಗ. ಊರಿನ ತುಂಬ ನೂರಾರು ಬಂಡೆಗಳು ನಿಂತವು. ಒಂದಕ್ಕೆ ಮಾತ್ರ ಹೆಸರು ಬಂತು.

ಬಂಡೆ ಹರಿವನ್ನು ಸೀಳಿದ್ದು ನಿಜ. ಆದರೂ ಕೆಸರು ಗುಡಿಯೊಳಗೆ ನುಗ್ಗಿತ್ತು. ಗೋಡೆ ನಿಂತದ್ದು ದಪ್ಪ ಕಲ್ಲಿನ ದಿಮ್ಮಿಗಳನ್ನು ಬಿಗಿಯಾಗಿ ಕೂಡಿಸಿ ಕಟ್ಟಿದ್ದರಿಂದ. ಅದರ ಶ್ರೇಯ ಕಟ್ಟಿದ ಶಿಲ್ಪಿಗಳಿಗೆ ಸಲ್ಲಲಿ. ಸುತ್ತ ಕೊಚ್ಚಿಹೋದ ವಸತಿಗೃಹಗಳಲ್ಲಿ ಎಷ್ಟೋ ನದಿಯ ಹಳೆಯ ಪಾತ್ರದಲ್ಲೇ ಎದ್ದಿದ್ದವು.

ಅದೇ ಗುಡಿಯ ಹಿಂದಿದ್ದ ಶಂಕರಾಚಾರ್ಯರ ಸಮಾಧಿ ಕೊಚ್ಚಿಹೋಯಿತು. ಕೆಳಗೆ ಯಾತ್ರೆಯ ದಾರಿಯಲ್ಲಿದ್ದ ರಾಂಬಾಡಾ ಎಂಬ ಊರು ಹೇಳಹೆಸರಿಲ್ಲದಂತಾಯಿತು. ಸತ್ತ ಸಾವಿರಾರು ಜನರಲ್ಲಿ ಬಹುಪಾಲು ಆ ದೇವರ ದರ್ಶನಕ್ಕೆಂದೇ ಹೋದವರು. ಈ ಲೆಕ್ಕವನ್ನು ಲೇಖಕರು ಯಾರ ಖಾತೆಗೆ ಬರೆಯುತ್ತಾರೆ?