ತಕ್ಕದ್ದು ಎಂಬ ತಕ್ಕಮಟ್ಟಿನ ಪದ

ವರ್ಷಗಟ್ಟಲೆ ಮುಂದೆ ಹೋದ ಬೆಂಗಳೂರಿನ ಪಾಲಿಕೆ ಚುನಾವಣೆಯ ಸುದ್ದಿ ಮತ್ತೆ ಪೇಪರಿಗೆ ಬಂದಿದೆ. ಓದಿ ಓದಿ ಬೇಸತ್ತವರಿಗೆ ಅದನ್ನೇ ಮತ್ತೆ ಹೇಳುವುದು ಬೇಡ. ಈ ನೆಪದಲ್ಲಿ ಒಂದು ಪದಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ಸನ್ಮಾನ ಮಾಡಿಬಿಡೋಣ. ಆ ಪದ ‘ತಕ್ಕದ್ದು’.

ಸರ್ಕಾರಿ ಕಾಗದದ ಹೊರಗೆ ಇದು ಉಸಿರಾಡುವುದೇ ಕಷ್ಟ. ಯಾವ ತಾಯಿಯೂ ಮಗನಿಗೆ ‘ಊಟಕ್ಕೆ ಬರತಕ್ಕದ್ದು’ ಎನ್ನುವುದಿಲ್ಲ. ಇಂಗ್ಲಿಷ್ ಕಾಯ್ದೆಯಲ್ಲಿ ‘ಶಲ್’ ಇದ್ದರೆ ಕನ್ನಡದಲ್ಲಿ ತಕ್ಕದ್ದು, ‘ಮೇ’ ಇದ್ದರೆ ಬಹುದು. ಓದಿದರೆ ಬೆನ್ನು ತಾನಾಗಿ ನೆಟ್ಟಗಾಗಬೇಕು. ಆದರೆ ಪದದ ವಂಶ ಕೆದಕಿ ನೋಡಿ. ತಕ್ಕ ಎಂದರೆ ಯೋಗ್ಯವಾದದ್ದು, ಹೊಂದುವಂಥದ್ದು. ತಕ್ಕ ವರ, ತಾಳಕ್ಕೆ ತಕ್ಕ ಹೆಜ್ಜೆ, ತಕ್ಕ ಶಾಸ್ತಿ. ಅದೇ ಮನೆತನದಲ್ಲಿ ‘ತಕ್ಕಮಟ್ಟಿಗೆ’ ಎಂಬ ಸೋಮಾರಿ ದಾಯಾದಿಯೂ ಒಬ್ಬನಿದ್ದಾನೆ. ಉಳಿದವರನ್ನೆಲ್ಲ ಬಿಟ್ಟು ಸರ್ಕಾರ ದತ್ತು ತೆಗೆದುಕೊಂಡಿರುವುದು ಇವನನ್ನೇ.

ಕೋರ್ಟಿನಲ್ಲಿ ತಕ್ಕದ್ದು ಎರಡು ಬಗೆ: ಕಡ್ಡಾಯದ್ದು ಮತ್ತು ನಿರ್ದೇಶನದ್ದು. ಮೊದಲನೆಯದನ್ನು ಮೀರಿದರೆ ಮಾಡಿದ ಕೆಲಸವೇ ಅಸಿಂಧು. ಎರಡನೆಯದನ್ನು ಮೀರಿದರೆ ‘ಹಾಗೆ ಮಾಡಬಾರದಿತ್ತು’ ಎಂಬ ವಿಷಾದ. ಯಾವುದು ಯಾವ ಬಗೆ ಎಂದು ಪದ ನೋಡಿ ಹೇಳಲಾಗದು. ತಪ್ಪಿದರೆ ಏನಾಗುತ್ತದೆಂದು ಕಾಯ್ದೆಯೇ ಬರೆದಿದೆಯೇ, ‘ಇಲ್ಲದಿದ್ದರೆ ಇಲ್ಲ’ ಎಂಬಂಥ ನಿಷೇಧದ ಮಾತು ಇದೆಯೇ, ಕಟ್ಟುನಿಟ್ಟು ಮಾಡಿದರೆ ತಪ್ಪೇ ಮಾಡದವರಿಗೆ ಪೆಟ್ಟು ಬೀಳುತ್ತದೆಯೇ ಎಂದೆಲ್ಲ ಅಳೆಯಬೇಕು. ನೌಕರರ ಶಿಸ್ತುಕ್ರಮಕ್ಕೆ ಮುನ್ನ ಲೋಕಸೇವಾ ಆಯೋಗವನ್ನು ಕೇಳತಕ್ಕದ್ದು ಎಂದು ಸಂವಿಧಾನದ 320ನೇ ವಿಧಿ ಹೇಳುತ್ತದೆ. ಕೇಳದಿದ್ದರೂ ಆದೇಶ ಬಿದ್ದುಹೋಗದು ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ತೀರ್ಪು ಕೊಟ್ಟಿತು. ಇನ್ನು ‘ಬಹುದು’ ಸುಮ್ಮನಿರುವ ಪದವೇ? ಅಧಿಕಾರದ ಬೆನ್ನಿಗೆ ಕರ್ತವ್ಯ ಅಂಟಿಕೊಂಡಿದ್ದರೆ ಅದನ್ನೇ ತಕ್ಕದ್ದು ಎಂದು ಓದಬೇಕು. ಅಂದರೆ ತಕ್ಕದ್ದು ಬಹುದಾಗಬಹುದು, ಬಹುದು ತಕ್ಕದ್ದಾಗತಕ್ಕದ್ದು. ಚಹಾ ಕುಡಿದು ಮುಂದೆ ಓದಿ.

ಸಿವಿಲ್ ದಾವೆಯೇ ಒಳ್ಳೆಯ ಉದಾಹರಣೆ. ಸಮನ್ಸ್ ಮುಟ್ಟಿದ 30 ದಿನದಲ್ಲಿ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು; ಕಾರಣ ಕೊಟ್ಟರೆ ಹೆಚ್ಚೆಂದರೆ 90 ದಿನ. ನಡೆಯುವುದು ಹೀಗೆ: ಮೊದಲ ದಿನ ವಕಾಲತ್ತು ಹಾಕಿ ವಾಯಿದೆ. ಎರಡನೇ ಸಲ ದಾವೆಯ ಜೊತೆಗಿನ ದಾಖಲೆಗಳ ಜೆರಾಕ್ಸ್ ಓದಲು ಬರುವುದಿಲ್ಲವೆಂದು ವಾಯಿದೆ. ಮೂರನೇ ಸಲ ಕಕ್ಷಿದಾರ ಸೂಚನೆ ಕೊಟ್ಟಿಲ್ಲವೆಂದು ವಾಯಿದೆ. ತೊಂಬತ್ತು ಕಳೆದ ಮೇಲೆ ‘ಹೇಳಿಕೆ ಇಲ್ಲ’ ಎಂದು ಬರೆದು ವಾದಿಯ ಸಾಕ್ಷ್ಯಕ್ಕೆ ಇಡುತ್ತಾರೆ. ಆಗ ಪ್ರತಿವಾದಿ ಎಚ್ಚೆತ್ತು ಒಂದು ಐ.ಎ., ಅಂದರೆ ಮಧ್ಯಂತರ ಅರ್ಜಿ, ಹಾಕುತ್ತಾನೆ, ಜೊತೆಗೆ ಜ್ವರದ ಅಫಿಡವಿಟ್. ಅದಕ್ಕೆ ವಾದಿಯ ತಕರಾರು, ಅದರ ಮೇಲೆ ವಾದ, ಆಮೇಲೆ ಪ್ರತಿವಾದಿಗೆ ಒಂದಿಷ್ಟು ಖರ್ಚು ವಿಧಿಸಿ ಹೇಳಿಕೆ ಒಳಗೆ. ಈ ತಕ್ಕದ್ದು ನಿರ್ದೇಶನದ್ದು, ಅಪರೂಪಕ್ಕೆ ಸಡಿಲಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪರೂಪ ಈಗ ದಿನಚರಿ. ವಾಣಿಜ್ಯ ದಾವೆಯಲ್ಲಿ ಮಾತ್ರ 120 ದಿನ ದಾಟಿದರೆ ಬಾಗಿಲು ಬಂದ್. ಅದು ಕಡ್ಡಾಯವೆಂದು 2019ರಲ್ಲಿ ತೀರ್ಮಾನವಾಗಿದೆ. ವ್ಯಾಪಾರಿಗಳ ಜಗಳಕ್ಕೆ ಗಡಿಯಾರ, ಅಣ್ಣತಮ್ಮಂದಿರ ಜಮೀನಿನ ಪಾಲಿಗೆ ಪಂಚಾಂಗ.

ನೀವು ಸರ್ಕಾರದ ಮೇಲೆ ದಾವೆ ಹೂಡಲು ಹೋಗಿ ನೋಡಿ, ಪದಕ್ಕೆ ತಟ್ಟನೆ ಬೆನ್ನುಮೂಳೆ ಬರುತ್ತದೆ. ಎರಡು ತಿಂಗಳು ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಡದೆ ಹೂಡತಕ್ಕದ್ದಲ್ಲ. ಹೆಸರು, ವಿಳಾಸ, ವ್ಯಾಜ್ಯಕಾರಣ, ಬೇಡುವ ಪರಿಹಾರ ಎಲ್ಲ ಅದರಲ್ಲಿರಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಬೇಕು. ಇದು ಅಪ್ಪಟ ಕಡ್ಡಾಯವೆಂದು ಬ್ರಿಟಿಷರ ಕಾಲದ ಅಂತಿಮ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ 1927ರಲ್ಲಿ ಹೇಳಿದ ಮಾತು ಇಂದಿಗೂ ಗಟ್ಟಿ. ನಿಮಗೆ ಬರಬೇಕಾದ ಸಾಲದ ದುಡ್ಡು ಕೇಳಲು 3 ವರ್ಷ ಕಾಲಮಿತಿ. ಸರ್ಕಾರ ದಾವೆ ಹೂಡಲು 30 ವರ್ಷ. ಪಾಪ, ಫೈಲು ಹುಡುಕಬೇಕಲ್ಲ.

ಈಗ ಪಾಲಿಕೆಗೆ ಬರೋಣ. ಸಂವಿಧಾನದ 243-ಯು ವಿಧಿಯಲ್ಲಿ ಎರಡು ಮಾತಿವೆ. ನಗರಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರತಕ್ಕದ್ದು. 2020ರ ಸೆಪ್ಟೆಂಬರ್ 10ರಂದು ಮೊದಲ ಮಾತನ್ನು ಒಂದು ದಿನವೂ ತಪ್ಪದಂತೆ ಪಾಲಿಸಿ ಸದಸ್ಯರನ್ನು ಮನೆಗೆ ಕಳಿಸಲಾಯಿತು. ಎರಡನೆಯದು ತಕ್ಕಮಟ್ಟಿಗೆ ಹೋಯಿತು. ಕೊರೊನಾ ಇತ್ತು, ನಿಜ. ಅದೇ ಕೊರೊನಾ ವರ್ಷದ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಮತದಾನ ನಡೆಯಿತು; ಸೋಂಕಿಗೆ ಹಳ್ಳಿಯ ದಾರಿ ಗೊತ್ತಿರಲಿಲ್ಲವೇನೋ. ಚುನಾವಣೆ ನಡೆಸಿ ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟಿನಲ್ಲಿ ಅದಕ್ಕೆ ತಡೆ ಸಿಕ್ಕಿತು. ಆಮೇಲೆ 198 ವಾರ್ಡು 243 ಆಯಿತು, 243 ಇಳಿದು 225 ಆಯಿತು, ಕೊನೆಗೆ ಒಂದು ಪಾಲಿಕೆಯೇ ಐದಾಯಿತು. ಪ್ರತಿ ಸಲ ಗಡಿ ಬದಲಾದಾಗ ಮೀಸಲಾತಿ ಪಟ್ಟಿ ಹೊಸದು, ಪಟ್ಟಿ ಹೊಸದಾದರೆ ಆಕ್ಷೇಪಣೆ ಹೊಸದು, ಆಕ್ಷೇಪಣೆ ಇದ್ದಲ್ಲಿ ರಿಟ್ ಅರ್ಜಿ. ಗಾಣ ಕಟ್ಟಿದವರಿಗೆ ಎತ್ತು ಸುತ್ತುತ್ತಲೇ ಇರುತ್ತದೆಂದು ಗೊತ್ತಿತ್ತು.

ತಮಾಷೆ ಸಾಕು. ಈ ತಕ್ಕದ್ದಿನ ಬಗ್ಗೆ ಸಂದೇಹವೇ ಇರಲಿಲ್ಲ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದು ಕಡ್ಡಾಯವೆಂದು ಹೇಳಿ ಮುಗಿಸಿದೆ. ಆದರೂ 2025ರ ಸೆಪ್ಟೆಂಬರಿಗೆ ಇಡೀ ಒಂದು ಅವಧಿ, ಐದು ವರ್ಷ, ಒಬ್ಬ ಕಾರ್ಪೊರೇಟರೂ ಇಲ್ಲದೆ ಕಳೆಯಿತು. ಗುಂಡಿಗೆ ಬಿದ್ದವನು ವಾರ್ಡಿನಲ್ಲಿ ಯಾರ ಮನೆ ಬಾಗಿಲು ಬಡಿಯಬೇಕಿತ್ತು? ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಇದೊಂದು ಬದಲಾಗಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ತಕ್ಕದ್ದನ್ನು ತಪ್ಪಿಸಿದ್ದಕ್ಕೆ ರೇಟು ಕಟ್ಟಿರುವ ಕಾಯ್ದೆಯೂ ನಮ್ಮಲ್ಲಿದೆ: ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ. ಹೊತ್ತು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಗಡಿಯಾರ ಓಡುವುದು ಅರ್ಜಿಯ ಸ್ವೀಕೃತಿಯಾದ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆ ಕೈಗೆ ಬಂದ ಮೇಲೆ. ಅದಕ್ಕೇ ಕೌಂಟರಿನಲ್ಲಿ ‘ಇನ್ನೊಂದು ದಾಖಲೆ ತನ್ನಿ, ಆಮೇಲೆ ನಂಬರ್ ಕೊಡ್ತೀವಿ’ ಎನ್ನುವುದು. ಗಡುವಿನ ಹಿಂದಿನ ದಿನ ಅರ್ಜಿ ತಿರಸ್ಕರಿಸಿದರೂ ಆಯಿತು, ವಿಳಂಬದ ಲೆಕ್ಕವೇ ಹುಟ್ಟುವುದಿಲ್ಲ.

ಪಾಲಿಕೆ ಚುನಾವಣೆಯನ್ನೂ ಸಕಾಲಕ್ಕೆ ಸೇರಿಸಿದ್ದರೆ? 2020ರ ಸೆಪ್ಟೆಂಬರ್ 11ರಿಂದ ದಿನಕ್ಕೆ 20ರಂತೆ ಎಣಿಸಿ. ಅಕ್ಟೋಬರ್ 5ಕ್ಕೆ 500 ತುಂಬಿತು, ಮೀಟರ್ ನಿಂತಿತು.