ಇರಲಿ ಬಿಡಿ ಸಾರ್

ಇವತ್ತು ಬೆಳಿಗ್ಗೆ ನಮ್ಮ ಹೊಸ ಫ್ರಿಜ್ ನನ್ನನ್ನು ಗದರಿಸಿತು.

ನಾನು ಮಾಡಿದ ತಪ್ಪಾದರೂ ಏನು? ಬಾಗಿಲು ತೆಗೆದು ನಿಂತಿದ್ದೆ, ಅಷ್ಟೇ. ಫ್ರಿಜ್ ಬಾಗಿಲು ತೆಗೆದು, ತಣ್ಣನೆ ಗಾಳಿಗೆ ಮುಖವೊಡ್ಡಿ, ಒಳಗಿರುವ ಡಬ್ಬಿಗಳನ್ನೆಲ್ಲ ಒಂದು ಸುತ್ತು ನೋಡಿ, ಏನೂ ತೆಗೆದುಕೊಳ್ಳದೆ ಮುಚ್ಚುವುದು ಎಲ್ಲರೂ ಮಾಡುವ ಕೆಲಸ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದು ನೋಡುವುದೂ ಇದೆ, ಅಷ್ಟರಲ್ಲಿ ಒಳಗೆ ಹೊಸದೇನಾದರೂ ಹುಟ್ಟಿಕೊಂಡಿರಬಹುದು ಅಂತ. ಹಳೇ ಫ್ರಿಜ್ 21 ವರ್ಷ ಇದನ್ನೆಲ್ಲ ಬಾಯಿ ತೆರೆದುಕೊಂಡೇ, ಒಂದು ಮಾತೂ ಆಡದೆ ಸಹಿಸಿಕೊಂಡಿತ್ತು. ಹೊಸದು ಒಂದೇ ನಿಮಿಷ ಕಾಯಿತು. ಆಮೇಲೆ ಕುಂಯ್, ಕುಂಯ್, ಕುಂಯ್.

ರೂಮಿನಿಂದ ಹೆಂಡತಿ ಕೂಗಿದಳು: "ರೀ, ಬಾಗಿಲು ಹಾಕ್ರೀ!" ಅಷ್ಟರಲ್ಲಿ ಜೇಬಿನಲ್ಲಿದ್ದ ಮೊಬೈಲ್ ಟಣ್ ಅಂತು. ತೆಗೆದು ನೋಡಿದರೆ ಫ್ರಿಜ್ ಕಳಿಸಿದ ಮೆಸೇಜು. ಬಾಗಿಲು ತೆರೆದಿದೆಯಂತೆ. ಗೊತ್ತು ಮಾರಾಯ! ತೆರೆದವನೇ ನಾನು, ನಿನ್ನ ಎದುರಿಗೇ ನಿಂತಿದ್ದೇನೆ.

ಇಷ್ಟೆಲ್ಲ ಮಾತಾಡುವ ಯಂತ್ರಕ್ಕೆ, ಹಾಲು ಖಾಲಿಯಾಗಿದೆ ಅಂತ ನಿನ್ನೆ ರಾತ್ರಿಯೇ ಹೇಳಲು ಬಾಯಿ ಬರಲಿಲ್ಲ.

ಹಳೇ ಫ್ರಿಜ್ ಹೋಗಿದ್ದು ಹೋದ ತಿಂಗಳು. ಒಂದು ರಾತ್ರಿ ಅಡುಗೆಮನೆಯಿಂದ ಬರುತ್ತಿದ್ದ ಗುಂಯ್‌ಗುಟ್ಟುವ ಸದ್ದು ನಿಂತಿತು. ಇಷ್ಟು ವರ್ಷ ಅದು ಕೇಳುತ್ತಿತ್ತು ಅಂತ ಗೊತ್ತಾಗಿದ್ದೇ ಅದು ನಿಂತ ಮೇಲೆ. ಮೆಕ್ಯಾನಿಕ್ ಬಂದ. ಹಿಂದೆ ಬಗ್ಗಿ ನೋಡಿದ, ಬೆನ್ನು ಮುಟ್ಟಿದ, ಕಿವಿ ಇಟ್ಟು ಕೇಳಿದ. ಎದ್ದು ನಿಂತು ಕೈ ಒರೆಸಿಕೊಂಡ. "ಕಂಪ್ರೆಸರ್ ಹೋಗಿದೆ ಸಾರ್. ಹಾಕಿಸಬಹುದು. ಆದರೆ ಇದರ ವಯಸ್ಸಿಗೆ..." ಅಂತ ಅಲ್ಲಿಗೇ ನಿಲ್ಲಿಸಿದ. ಮುಂದಿನದನ್ನು ಮನೆಯವರೇ ಅರ್ಥ ಮಾಡಿಕೊಳ್ಳಬೇಕು.

ನನಗೆ ಬೇಕಾಗಿದ್ದು ಅಂಥದ್ದೇ ಇನ್ನೊಂದು. ಒಂದು ಬಾಗಿಲು, ಒಂದು ಲೈಟು, ತಿರುಗಿಸಲು ಒಂದು ನಾಬ್. ಫ್ರಿಜ್ ಮಾಡುವ ಕೆಲಸ ಏನು ಮಹಾ? ಒಳಗಿನ ಬಿಸಿಯನ್ನು ತೆಗೆದು ಹೊರಗೆ ಬಿಸಾಕುವುದು. ಕೆಳಗೆ ನಾಲ್ಕೈದು ಡಿಗ್ರಿ, ಮೇಲೆ ಫ್ರೀಜರ್‌ನಲ್ಲಿ ಮೈನಸ್ 18. ಇಷ್ಟಿದ್ದರೆ ಸಾಕು ಅಂದುಕೊಂಡು ಶೋರೂಮಿಗೆ ಹೋದೆವು. ಎಲ್ಲ ಸೇರಿ ಅರ್ಧ ಗಂಟೆ ಕೆಲಸ ಅಂತ ಹೆಂಡತಿಗೂ ಹೇಳಿದ್ದೆ. ಅವಳು ಈಗಲೂ ಅದನ್ನು ನೆನಪಿಸುತ್ತಾಳೆ.

ಅಲ್ಲಿ ನಮಗೆ ಗಂಟುಬಿದ್ದ ಹುಡುಗ ಒಳ್ಳೆಯವನೇ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಅವನ ಬಾಯಲ್ಲಿ ಒಂದು ಮಾತಿತ್ತು. ಯಾವುದು ಬೇಡ ಅಂದರೂ ಅವನದು ಒಂದೇ ಉತ್ತರ: "ಇರಲಿ ಬಿಡಿ ಸಾರ್."

"ಈ ನೀರಿನ ನಲ್ಲಿ ಬೇಡಪ್ಪಾ. ಅದಕ್ಕೆ ಒಳಗೆ ಟ್ಯಾಂಕ್ ಬೇರೆ. ಅದನ್ನು ತುಂಬಿಸುವವನೂ ನಾನೇ, ತೊಳೆಯುವವನೂ ನಾನೇ."

"ಇರಲಿ ಬಿಡಿ ಸಾರ್. ನೆಂಟರು ಬಂದ್ರೆ ಚೆನ್ನಾಗಿರುತ್ತೆ."

"ಈ ನೀಲಿ ಲೈಟ್ ಯಾಕೆ?"

"ತರಕಾರಿಗೆ ಸಾರ್. ಇನ್ನೂ ಹೊಲದಲ್ಲೇ ಇದೀವಿ ಅಂದ್ಕೊಳ್ಳುತ್ತೆ."

ಕೊಯ್ದು, ತೂಗಿ, ಚೀಲಕ್ಕೆ ತುಂಬಿ ತಂದ ಮೇಲೂ ಅದಕ್ಕೆ ಸುಳ್ಳು ಹೇಳಬೇಕಾ? ನಾಳೆ ಹೆಚ್ಚುವವರಿಗೆ ಅದರ ಮುಖ ನೋಡುವುದು ಹೇಗೆ? ಬೇಡ ಅಂದೆ.

"ಇರಲಿ ಬಿಡಿ ಸಾರ್. ಬೇಡ ಅನ್ಸಿದ್ರೆ ಆ ಕಡೆ ನೋಡ್ಬೇಡಿ."

ಇನ್ನೊಂದು ಐದು ಥರ ಬದಲಾಗುವ ಫ್ರಿಜ್. ಮೇಲಿನ ಫ್ರೀಜರನ್ನು ಬೇಕಾದಾಗ ಫ್ರಿಜ್ ಮಾಡಿಕೊಳ್ಳಬಹುದು, ಬೇಡವಾದಾಗ ಪೂರ್ತಿ ಆಫ್ ಮಾಡಬಹುದು, ಊರಿಗೆ ಹೋಗುವಾಗ ಹಾಲಿಡೇ ಮೋಡ್‌ಗೆ ಹಾಕಬಹುದು. ನಾವೇ ಹಾಲಿಡೇ ಮೋಡ್‌ಗೆ ಹೋಗಿ ಎಷ್ಟೋ ವರ್ಷ ಆಯಿತು. ಇದಕ್ಕೆ ಮೊದಲು ರಜೆ ಕೊಡಬೇಕಂತೆ. ಮನೆಯಲ್ಲಿ ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ ಬದಲಾಗುವವರು ಈಗಾಗಲೇ ಇದ್ದಾರೆ, ಒಂದೇ ಥರ ಇರುವುದು ಏನಾದರೂ ಇದ್ದರೆ ತೋರಿಸಪ್ಪಾ ಅಂದೆ. ಹೆಂಡತಿ ನನ್ನ ಕಡೆ ತಿರುಗಿ, "ಯಾರು ಅದು?" ಅಂದಳು. ನಾನು ಪಕ್ಕದ ಫ್ರಿಜ್ ಕಡೆ ನಡೆದೆ.

ಆ ಪಕ್ಕದ ಫ್ರಿಜ್ಜೇ ಅವತ್ತಿನ ಕಥಾನಾಯಕ. ಬೀರುವಿನಷ್ಟು ದೊಡ್ಡದು, ಎರಡು ಬಾಗಿಲು, ಬಲಗಡೆ ಬಾಗಿಲಿಗೆ ಕಪ್ಪು ಗಾಜು. ಹುಡುಗನ ಮುಖವೇ ಬೆಳಗಿತು. "ಸಾರ್, ಇದನ್ನ ನೀವು ತೆಗಿಯೋದೇ ಬೇಡ. ಗಾಜನ್ನ ಎರಡು ಸಲ ತಟ್ಟಿ. ಒಳಗೆ ಲೈಟ್ ಬರುತ್ತೆ, ಏನೇನಿದೆ ಎಲ್ಲಾ ಹೊರಗಿಂದಾನೇ ಕಾಣುತ್ತೆ." ಅಂದವನು ತಾನೇ ತಟ್ಟಿದ. ಟಕ್ ಟಕ್.

ಏನೂ ಆಗಲಿಲ್ಲ.

"ಸ್ವಲ್ಪ ಮೆಲ್ಲಗೆ ತಟ್ಟಬೇಕು," ಅಂತ ಮೆಲ್ಲಗೆ ತಟ್ಟಿದ. ಇಲ್ಲ. "ಸ್ವಲ್ಪ ಜೋರಾಗಿ ತಟ್ಟಬೇಕು." ಊಹೂಂ. ಬೆರಳಿನ ಗೆಣ್ಣಿನಿಂದ ತಟ್ಟಿದ, ಉಗುರಿನಿಂದ ತಟ್ಟಿದ. ಹೆಂಡತಿ ಮೆತ್ತಗೆ ಹೇಳಿದಳು: "ಒಳಗೆ ಯಾರೂ ಇಲ್ಲ ಅನ್ಸುತ್ತೆ."

ಹುಡುಗ ಸೂಪರ್‌ವೈಸರ್‌ನನ್ನು ಕರೆದ. ಅವನು ಟೈ ಸರಿಮಾಡಿಕೊಂಡು ಬಂದ, ಹುಡುಗನನ್ನು ಒಂದು ಸಲ ದುರುಗುಟ್ಟಿ ನೋಡಿದ, ತಟ್ಟಿದ. ಫ್ರಿಜ್ ಅವನ ಹುದ್ದೆಗೂ ಬೆಲೆ ಕೊಡಲಿಲ್ಲ. ವಾಷಿಂಗ್ ಮಷೀನ್ ನೋಡಲು ಬಂದಿದ್ದ ಹಿರಿಯರೊಬ್ಬರು ಅದನ್ನು ಬಿಟ್ಟು ಈ ಕಡೆ ಬಂದರು. "ಬೆಲ್ ಇಲ್ವೇನಪ್ಪಾ ಇದಕ್ಕೆ?" ಅಂತ ಕೇಳಿದರು. ಪಾಪ, ನಿಜವಾಗಿಯೂ ಕೇಳಿದರು. ಅವರ ಮೊಮ್ಮಗುವಿಗೆ ಆಟ ತಿಳಿದುಹೋಯಿತು. ಅದು ಸಾಲಾಗಿ ನಿಂತಿದ್ದ ಎಲ್ಲ ಫ್ರಿಜ್ಜುಗಳ ಬಾಗಿಲನ್ನೂ ಎರಡೆರಡು ಸಲ ತಟ್ಟುತ್ತಾ ಹೋಯಿತು, ಕೊನೆಗೆ ಒಂದು ಏರ್ ಕೂಲರನ್ನೂ ತಟ್ಟಿತು.

ಈಗ ಹೇಳಲು ನಾಚಿಕೆ, ನಾನೂ ತಟ್ಟಿದೆ. ಬೇಡವೇ ಬೇಡ ಅನ್ನುತ್ತಿದ್ದ ನಾನೇ, ಎಲ್ಲರ ಕೈಗೂ ಬಗ್ಗದ್ದು ನನ್ನ ಕೈಗೆ ಬಗ್ಗೀತು ಅನ್ನುವ ಆಸೆಗೆ ಬಿದ್ದು ಮೂರು ಸಲ ತಟ್ಟಿದೆ. ಪಕ್ಕದ ಮನೆಯವರು ಊರಲ್ಲಿಲ್ಲದಾಗ ಕೊರಿಯರಿನವನು ತಟ್ಟುತ್ತಾನಲ್ಲ, ಹಾಗೆ.

ಅಷ್ಟು ಹೊತ್ತಿಗೆ ನೆಲ ಒರೆಸುತ್ತಿದ್ದ ಅಮ್ಮ ಮಾಪ್ ಹಿಡಿದುಕೊಂಡು ಬಂದರು. "ಕಾಲು ಎತ್ತಿ" ಅಂದರು. ಫ್ರಿಜ್ ಹಿಂದೆ ಬಗ್ಗಿದರು. ಕೈಯಲ್ಲಿ ವೈರು ಹಿಡಿದುಕೊಂಡು ಎದ್ದರು. "ಪ್ಲಗ್ಗೇ ಹಾಕಿಲ್ವಲ್ಲ."

ಪ್ಲಗ್ ಹಾಕಿದರು. ಫ್ರಿಜ್ ಒಂದು ಪುಟ್ಟ ಹಾಡು ಹಾಡಿತು. ಹುಡುಗ ಉಸಿರು ಬಿಗಿಹಿಡಿದು ತಟ್ಟಿದ. ಟಕ್ ಟಕ್. ಗಾಜು ಬೆಳಗಿತು. ಒಳಗೆ ಎರಡು ಪ್ಲಾಸ್ಟಿಕ್ ಸೇಬು ಕಂಡವು. ಆ ಹಿರಿಯರು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು.

ನಮ್ಮ ಮನೆಯಲ್ಲಾದರೆ ಅಲ್ಲಿ ಸೇಬು ಕಾಣುವುದಿಲ್ಲ, ಬರೀ ಮುಚ್ಚಳಗಳು ಕಾಣುತ್ತವೆ. ಯಾವ ಡಬ್ಬಿಯಲ್ಲಿ ಏನಿದೆ ಅನ್ನುವುದು ಮುಚ್ಚಳ ತೆಗೆದವರಿಗೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಅದಲ್ಲದೆ, ಬಾಗಿಲು ಮುಚ್ಚಿದ ಮೇಲೆ ಒಳಗಿನ ಲೈಟ್ ನಿಜವಾಗಿ ಆರುತ್ತದಾ ಅನ್ನುವ ಅನುಮಾನ ಚಿಕ್ಕಂದಿನಲ್ಲಿ ನಮಗೆಲ್ಲ ಇತ್ತು ಅಲ್ವಾ? ಬಾಗಿಲನ್ನು ಕೂದಲೆಳೆಯಷ್ಟು ತೆರೆದು ಇಣುಕಿದ್ದೇ ಇಣುಕಿದ್ದು. ಕೊನೆಗೊಂದು ದಿನ ಅಂಚಿನಲ್ಲಿದ್ದ ಸಣ್ಣ ಸ್ವಿಚ್ಚು ಸಿಕ್ಕಿತು. ಅದನ್ನು ಬೆರಳಿನಿಂದ ಒತ್ತಿ ಲೈಟ್ ಆರಿಸಿದಾಗ ಆದ ಖುಷಿ ಈ ಗಾಜಿನ ಬಾಗಿಲಿಗೆ ಎಲ್ಲಿಂದ ಬರಬೇಕು?

ಹುಡುಗ ಇಷ್ಟು ಕಷ್ಟಪಟ್ಟಿದ್ದಕ್ಕೆ ಅವನ ಹತ್ತಿರ ಸ್ವಲ್ಪ ಮಾತಾಡೋಣ ಅನಿಸಿತು. ಐನ್‌ಸ್ಟೈನ್ ಕೂಡ ಫ್ರಿಜ್ ಮಾಡಿದ್ದರು ಕಣಯ್ಯಾ ಅಂದೆ. 1926ರ ಸುಮಾರಿಗೆ ಲಿಯೋ ಸಿಲಾರ್ಡ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ ಶುರು ಮಾಡಿದ್ದು. ಆಗಿನ ಫ್ರಿಜ್ಜುಗಳಲ್ಲಿದ್ದ ಗ್ಯಾಸು ವಿಷ, ಸೋರಿದರೆ ಜೀವಕ್ಕೇ ಅಪಾಯ. ತಿರುಗುವ, ಅಲ್ಲಾಡುವ ಭಾಗಗಳೇ ಇಲ್ಲದಿದ್ದರೆ ಸೋರುವುದೂ ಕಡಿಮೆ, ಕೆಡುವುದೂ ಕಡಿಮೆ ಅಂತ ಅವರ ಲೆಕ್ಕ. 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಅಂಗಡಿಗೆ ಮಾತ್ರ ಬರಲೇ ಇಲ್ಲ. ನೋಡು, ಅಂಥವರೇ ಫ್ರಿಜ್‌ನಿಂದ ಏನು ತೆಗೆದುಹಾಕಬಹುದು ಅಂತ ತಲೆ ಕೆಡಿಸಿಕೊಂಡರು, ನೀವು ಏನು ಸೇರಿಸಬಹುದು ಅಂತ ನೋಡ್ತೀರಿ ಅಂದೆ.

ಅವನು ಗಮನವಿಟ್ಟು ಕೇಳಿದ. ಕಂಪ್ಯೂಟರ್ ಹತ್ತಿರ ಹೋಗಿ ಏನೋ ಒತ್ತಿ ನೋಡಿ ಬಂದ.

"ಆ ಮಾಡೆಲ್ ಈಗ ಬರ್ತಿಲ್ಲ ಸಾರ್."

ಎಲ್ಲ ಹೊಸದೂ ಕೆಟ್ಟದ್ದು ಅಂತ ನನ್ನ ವಾದ ಅಲ್ಲ. ನಮ್ಮ ಹಳೇ ಫ್ರೀಜರಿನಲ್ಲಿ ಮಂಜು ಕಟ್ಟಿ ಕಟ್ಟಿ, ಕೊನೆಗೆ ಐಸ್ ಟ್ರೇ ಇಡಲೂ ಜಾಗ ಇರುತ್ತಿರಲಿಲ್ಲ. ನಾಬ್‌ನ ನಡುವಿನ ಗುಂಡಿ ಒತ್ತಿ, ಕರಗಿದ ನೀರನ್ನು ಹಳೇ ಬಟ್ಟೆಯಲ್ಲಿ ಒರೆಸುತ್ತಾ ಎಷ್ಟು ಭಾನುವಾರ ಕಳೆದಿದ್ದೇನೋ. ಈಗಿನದರಲ್ಲಿ ಒಂದು ಸಣ್ಣ ಹೀಟರ್ ಇರುತ್ತದೆ, ಆಗಾಗ ತಾನೇ ಮಂಜು ಕರಗಿಸಿಕೊಳ್ಳುತ್ತದೆ. ತಣ್ಣಗಿಡುವ ಪೆಟ್ಟಿಗೆಯೊಳಗೇ ಹೀಟರ್! ಕೇಳಲು ವಿಚಿತ್ರ, ಆದರೆ ಅದಕ್ಕೊಂದು ನಮಸ್ಕಾರ. ಬಾಗಿಲಿನ ರಬ್ಬರಿನಲ್ಲಿರುವ ಅಯಸ್ಕಾಂತವೂ ಹಾಗೇ. ಮೊದಲು ಹೊರಗಿನಿಂದ ಚಿಲಕ ಬೀಳುವ ಬಾಗಿಲುಗಳಿದ್ದವು. ಬಿಸಾಡಿದ ಫ್ರಿಜ್‌ಗಳೊಳಗೆ ಆಟಕ್ಕೆ ಹೊಕ್ಕ ಮಕ್ಕಳು ಹೊರಬರಲಾಗದೆ ಸತ್ತರು. ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಅಂತ ಅಮೆರಿಕದಲ್ಲಿ 1956ರಲ್ಲಿ ಕಾನೂನೇ ಬಂತು. ಈಗ ಮಗು ಒಳಗಿನಿಂದ ತಳ್ಳಿದರೆ ಬಾಗಿಲು ತೆರೆಯುತ್ತದೆ. ಆ ರಬ್ಬರಿನ ಪಟ್ಟಿ ಇದುವರೆಗೆ ನನಗೆ ಒಂದು ಮೆಸೇಜೂ ಕಳಿಸಿಲ್ಲ.

ಮೆಸೇಜು ಕಳಿಸುವ ಫ್ರಿಜ್ ನಾನು ಕೇಳಿ ತಂದದ್ದಲ್ಲ. ನಮ್ಮ ಅಡುಗೆಮನೆಯ ಮೂಲೆಗೆ ಹೊಂದುವ ಅಗಲದ್ದು ಮೂರೇ ಇದ್ದವು. ಸಾದಾ ಇರುವುದು ಸ್ಟಾಕ್ ಇಲ್ಲ. ಇನ್ನೊಂದರ ಬಾಗಿಲ ತುಂಬ ಇಷ್ಟಿಷ್ಟು ದೊಡ್ಡ ಹೂವು. ಉಳಿದದ್ದು ವೈಫೈ ಇರುವುದು. ಇಂಟರ್ನೆಟ್ ಫ್ರಿಜ್ ಹೊಸದೇನಲ್ಲವಂತೆ, ಎಲ್‌ಜಿ ಕಂಪನಿ 2000ದಲ್ಲೇ ಒಂದನ್ನು ತಂದಿತ್ತು. ಆಗ ನಮ್ಮ ಮನೆಯಲ್ಲಿ ನಮಗೇ ಇಂಟರ್ನೆಟ್ ಇರಲಿಲ್ಲ.

"ಫ್ರಿಜ್‌ಗೆ ವೈಫೈ ಯಾಕಪ್ಪಾ?"

"ಇರಲಿ ಬಿಡಿ ಸಾರ್. ಕನೆಕ್ಟ್ ಮಾಡ್ಲೇಬೇಕು ಅಂತೇನಿಲ್ಲ."

ಹೌದಲ್ಲ ಅನಿಸಿತು. ದುಡ್ಡು ಕಟ್ಟಿದೆ. ಮನೆಗೆ ಬಂದ ಫ್ರಿಜ್‌ನ ಪ್ಲಾಸ್ಟಿಕ್ ಬಿಚ್ಚುವುದಕ್ಕೂ ಮೊದಲೇ ಮಗಳು ಕನೆಕ್ಟ್ ಮಾಡಿದಳು. ಅದಕ್ಕೊಂದು ಹೆಸರು ಕೊಡಿ ಅಂತ ಆ್ಯಪ್ ಕೇಳಿತಂತೆ. ಏನು ಕೊಟ್ಟಿದ್ದಾಳೋ ಹೇಳುತ್ತಿಲ್ಲ. ನನ್ನ ಹೆಸರೇ ಇರಬಹುದು ಅಂತ ಅನುಮಾನ.

ಅವನ ಮಾತಿಗೆ ನಾನು ಬಿದ್ದದ್ದು ಯಾಕೆ ಅಂತ ಆಮೇಲೆ ಹೊಳೆಯಿತು. ಅದು ನಮ್ಮ ಮನೆಯದೇ ಮಾತು. ಸೌಟಿನಷ್ಟು ಉಳಿದರೂ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುವಾಗ ಹೆಂಡತಿ ಹೇಳುವುದು ಅದನ್ನೇ. ಹಳೇ ಫ್ರಿಜ್‌ನ ಮೊಟ್ಟೆ ಟ್ರೇ ಬಿಸಾಡಬೇಡ ಅಂತ ನಾನು ಹೇಳಿದ್ದೂ ಅದನ್ನೇ.

ಹಳೇದರಲ್ಲಿ ನಾಬ್ ಇತ್ತು ಅಂದೆನಲ್ಲ. ಅದರ ಮೇಲೆ ಒಂದರಿಂದ ಏಳರವರೆಗೆ ಅಂಕಿ. ಏಳಕ್ಕಿಟ್ಟರೆ ಜಾಸ್ತಿ ತಂಪೋ ಕಡಿಮೆಯೋ ಅಂತ ಮನೆಯಲ್ಲಿ ವರ್ಷಗಟ್ಟಲೆ ಜಗಳ. ಅಂಕಿ ಜಾಸ್ತಿ ಆದಷ್ಟು ತಂಪು ಜಾಸ್ತಿ, ಅದು ಡಿಗ್ರಿ ಲೆಕ್ಕ ಅಲ್ಲ. ಅಪ್ಪ ಒಪ್ಪುತ್ತಿರಲಿಲ್ಲ. ಆದರೂ ದಿನಾ ರಾತ್ರಿ ಮಲಗುವ ಮುಂಚೆ ಅಡುಗೆಮನೆಗೆ ಹೋಗಿ ಅದನ್ನು ಮೂರಕ್ಕೆ ತಿರುಗಿಸುತ್ತಿದ್ದರು. "ಇಡೀ ರಾತ್ರಿ ದುಡಿಯುತ್ತೆ ಪಾಪ, ಸ್ವಲ್ಪ ಸುಧಾರಿಸಿಕೊಳ್ಳಲಿ" ಅನ್ನುತ್ತಿದ್ದರು. ನಾನು ಬೆಳಿಗ್ಗೆ ಎದ್ದು ಐದಕ್ಕೆ ತಿರುಗಿಸುತ್ತಿದ್ದೆ. ಇದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಅವರು ಹೋದ ಮೇಲೆ ಅದು ಮೂರರಲ್ಲೇ ನಿಂತಿತು. ಬೇಸಿಗೆಯಲ್ಲಿ ಹಾಲು ಒಡೆದರೂ ನಾನು ತಿರುಗಿಸಲಿಲ್ಲ.

ಹೊಸದರಲ್ಲಿ ತಿರುಗಿಸುವುದು ಏನೂ ಇಲ್ಲ. ಒಳಗಿನ ಗೋಡೆಯ ಮೇಲೆ ಹೊಳೆಯುವ ಅಂಕಿ ಇದೆ. ಕಂಪನಿಯವರು ಇಟ್ಟು ಕಳಿಸಿದ್ದು 3. ಈ ಮೂರು ನಿಜವಾದ ಡಿಗ್ರಿ, ಅಪ್ಪನ ಮೂರಕ್ಕಿಂತ ಎಷ್ಟೋ ತಂಪು. ಅವರು ಇದ್ದಿದ್ದರೆ ಬೇರೆ ಅಂಕಿ ಹುಡುಕುತ್ತಿದ್ದರು. ಐದಕ್ಕೆ ಹಾಕಿದರೆ ಕರೆಂಟ್ ಉಳಿಯುತ್ತೆ ಅಂತ ಮಗಳು ಹೇಳುತ್ತಾಳೆ. ಹಾಕಬೇಕು ಅಂತಲೇ ಇವತ್ತು ಬೆಳಿಗ್ಗೆ ಬಾಗಿಲು ತೆಗೆದದ್ದು ಅನಿಸುತ್ತೆ. ಬೆರಳು ಗುಂಡಿಯ ಹತ್ತಿರ ಹೋಗಿ ಸುಮ್ನೆ ನಿಂತಿತ್ತು. ಅಷ್ಟರಲ್ಲಿ ಕುಂಯ್, ಕುಂಯ್, ಕುಂಯ್.

ಇರಲಿ ಬಿಡು ಅಂತ ಬಾಗಿಲು ಹಾಕಿ ಹಾಲು ತರಲು ಹೋದೆ.